ಎದ್ದು ಬಂದ ಆ ಭಕ್ತರು ಎಲ್ಲಿಗೆ ಹೋದರು?

ತಪಸ್ಸುಕಾಲದ ಒಂದು ಸಂಜೆ ಟಿ. ದಾಸರಹಳ್ಳಿಯ ಒಂದು ಮನೆಯಲ್ಲಿ ನಡೆದ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನಾಕೂಟಕ್ಕೆ ನಾವು ಹೋಗಿದ್ದೆವು. ತುಮಕೂರು ರಸ್ತೆಯಲ್ಲಿ ಮೇಲೆ ಮೆಟ್ರೋ ರೈಲು, ಕೆಳಗೆ ಲಾರಿಗಳ ಸಾಲು. ಅಲ್ಲಿಂದ ಎರಡು ತಿರುವು ಒಳಗೆ ಹೋದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಶಾಂತಿ. ಎರಡು ಕೋಣೆಯ ಬಾಡಿಗೆ ಮನೆ. ಚಾಪೆ ಹಾಸಿ, ತಿರುಹೃದಯದ ಪಟದ ಮುಂದೆ ಮೇಣದ ಬತ್ತಿ ಹಚ್ಚಿದ್ದರು. ಪೀಣ್ಯದ ಕಾರ್ಖಾನೆಗಳಲ್ಲಿ ಮೊದಲ ಪಾಳಿ ಮುಗಿಸಿದವರು ಸ್ನಾನ ಮಾಡಿ ಬಂದು ಕುಳಿತಿದ್ದರು. ಗಾರ್ಮೆಂಟ್ಸ್ ಕೆಲಸದಿಂದ ನೇರವಾಗಿ ಬಂದ ಹೆಣ್ಣುಮಕ್ಕಳು ಊಟದ ಡಬ್ಬಿಯ ಚೀಲವನ್ನು ಬಾಗಿಲ ಬಳಿಯೇ ಇಟ್ಟಿದ್ದರು. ಜಪಸರ ಮುಗಿದ ಮೇಲೆ, ಬರಲಿದ್ದ ಗರಿಗಳ ಭಾನುವಾರದ ಸಿದ್ಧತೆಗಾಗಿ ಸಂತ ಮತ್ತಾಯರ ಶುಭಸಂದೇಶದಿಂದ ಪ್ರಭುವಿನ ಯಾತನೆಯ ವೃತ್ತಾಂತವನ್ನು ಒಬ್ಬ ತರುಣ ಓದಿದನು.

ಓದು ಮುಗಿದಾಗ ಮೂಲೆಯಲ್ಲಿ ಕುಳಿತಿದ್ದ ವಿಧವೆಯೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಸಾರ್, ಯೇಸುಸ್ವಾಮಿ ಸತ್ತಾಗ ಗೋರಿಗಳು ತೆರೆದು ಭಕ್ತರು ಎದ್ದು ಬಂದರು ಅಂತ ಈಗ ಓದಿದರಲ್ಲ. ಅವರು ಆಮೇಲೆ ಏನಾದರು?"

ನಾವು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು: "ಆ ಭಕ್ತರಿಗೆ ಹೆಂಡತಿ ಮಕ್ಕಳು ಊರೊಳಗೆ ಇದ್ದಿರಬೇಕು. ಒಂದು ಸಲ ಕಳೆದುಕೊಂಡವರು ಬಾಗಿಲಿಗೆ ಬಂದು ನಿಂತು, ಮತ್ತೆ ಸತ್ತುಹೋದರೆ, ಬರದೇ ಇದ್ದಿದ್ದರೇ ವಾಸಿಯಲ್ಲವಾ?"

ಕೋಣೆ ಸ್ತಬ್ಧವಾಯಿತು. ಓದಿದ ತರುಣನು, ಇದೆಲ್ಲ ಕಾವ್ಯದ ಮಾತು, ಅಕ್ಷರಶಃ ತೆಗೆದುಕೊಳ್ಳಬಾರದು ಎಂದನು. ಅವನ ಪಕ್ಕದ ಹಿರಿಯರು, ಬರೆದದ್ದು ಬರೆದ ಹಾಗೇ ನಡೆದಿದೆ, ಹೆಚ್ಚು ಕೆದಕಬಾರದು ಎಂದು ಅವನನ್ನು ಗದರಿಸಿದರು. ಆ ತಾಯಿಗೆ ಎರಡೂ ಉತ್ತರಗಳು ಸಾಲಲಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಚಹಾ ಕುಡಿಯುವಾಗ ತಿಳಿಯಿತು: ಅವರ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ನಗರದ ಸ್ಮಶಾನಗಳಲ್ಲಿ ಜಾಗದ ಅಭಾವ ನಮಗೆಲ್ಲ ಗೊತ್ತಿರುವುದೇ. ಇನ್ನು ಕೆಲವು ವರ್ಷ ಕಳೆದರೆ ಆ ಗೋರಿಯನ್ನು ತೆರೆದು ಬೇರೊಬ್ಬರಿಗೆ ಸ್ಥಳ ಮಾಡಿಕೊಡಬೇಕಾಗಬಹುದೆಂದು ಯಾರೋ ಅವರಿಗೆ ಹೇಳಿದ್ದರು. ಗೋರಿ ತೆರೆಯುವುದೆಂಬ ಮಾತು ಶುಭಸಂದೇಶದಲ್ಲಿ ಒಂದು ಬಗೆಯಾಗಿ, ತನ್ನ ಬಾಳಿನಲ್ಲಿ ಇನ್ನೊಂದು ಬಗೆಯಾಗಿ ಅವರ ಕಿವಿಗೆ ಬಿದ್ದಿತ್ತು. ಅಂದು ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಓದಿಕೊಂಡು ಬರುತ್ತೇವೆಂದು ಮಾತು ಕೊಟ್ಟೆವು.

ಮೊದಲು ಸಂತ ಮತ್ತಾಯರು ಬರೆದಿರುವುದೇನೆಂದು ನೋಡೋಣ. ಇಪ್ಪತ್ತೇಳನೆಯ ಅಧ್ಯಾಯದ 51ರಿಂದ 53ರವರೆಗಿನ ಮೂರು ವಾಕ್ಯಗಳು. ಪ್ರಭು ಪ್ರಾಣ ಬಿಟ್ಟೊಡನೆ ಮಹಾದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯುತ್ತದೆ, ಭೂಮಿ ನಡುಗುತ್ತದೆ, ಬಂಡೆಗಳು ಸೀಳುತ್ತವೆ, ಗೋರಿಗಳು ತೆರೆಯುತ್ತವೆ, ನಿದ್ರಿಸಿದ್ದ ಅನೇಕ ಭಕ್ತರ ದೇಹಗಳು ಏಳುತ್ತವೆ. ಅವರು ಪ್ರಭುವಿನ ಪುನರುತ್ಥಾನದ ತರುವಾಯ ಗೋರಿಗಳಿಂದ ಹೊರಟು ಪವಿತ್ರನಗರವನ್ನು ಪ್ರವೇಶಿಸಿ ಅನೇಕರಿಗೆ ಕಾಣಿಸಿಕೊಳ್ಳುತ್ತಾರೆ. ಅಷ್ಟೇ. ಮುಂದಿನ ವಾಕ್ಯದಲ್ಲಿ ಶತಾಧಿಪತಿ ಬರುತ್ತಾನೆ. ಆ ಭಕ್ತರ ಹೆಸರಿಲ್ಲ, ಅವರು ಆಡಿದ ಮಾತಿಲ್ಲ, ಅವರನ್ನು ಕಂಡವರ ಗುರುತಿಲ್ಲ. ಮಾರ್ಕ, ಲೂಕರು ತೆರೆ ಹರಿದುದನ್ನು ಹೇಳುತ್ತಾರೆಯೇ ಹೊರತು ಗೋರಿಗಳ ಸುದ್ದಿಯನ್ನು ಎತ್ತುವುದಿಲ್ಲ. ಸಂತ ಯೊವಾನ್ನರು ಎರಡನ್ನೂ ಹೇಳುವುದಿಲ್ಲ.

ನಾವು ಈ ವಾಕ್ಯಗಳನ್ನು ಗಮನಿಸದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನಮಗೆ ಹೊಳೆದದ್ದು ಆ ಸಂಜೆಯೇ. ಮತ್ತಾಯರ ವೃತ್ತಾಂತವನ್ನು ಗರಿಗಳ ಭಾನುವಾರ ಓದುವುದು ಮೂರು ವರ್ಷಗಳಿಗೊಮ್ಮೆ ಬರುವ 'ಎ' ವರ್ಷದಲ್ಲಿ ಮಾತ್ರ. ಆಗಲೂ ಪ್ರಭು ಪ್ರಾಣ ಬಿಟ್ಟರೆಂಬ ವಾಕ್ಯದ ಬಳಿಕ ಎಲ್ಲರೂ ಮೊಣಕಾಲೂರಿ ಮೌನವಾಗಿರುತ್ತೇವೆ. ಮತ್ತೆ ಎದ್ದು ನಿಲ್ಲುವಾಗ ಬೆಂಚು ಸರಿಯುವ ಸದ್ದು, ಸೀರೆ ಸರಿಪಡಿಸಿಕೊಳ್ಳುವ ಸದ್ದು, ಮಕ್ಕಳನ್ನು ಎಬ್ಬಿಸುವ ಸದ್ದು. ಅಷ್ಟರಲ್ಲಿ ವಾಚಕರು ಮುಂದಿನ ಮೂರು ವಾಕ್ಯಗಳನ್ನು ಓದಿ ಮುಗಿಸಿರುತ್ತಾರೆ. ಸತ್ತವರು ಎದ್ದ ಸಂಗತಿಯನ್ನು, ನಾವು ಏಳುವ ಗದ್ದಲದಲ್ಲೇ ಕಳೆದುಕೊಳ್ಳುತ್ತೇವೆ!

ಈ ಭಾಗದಲ್ಲಿ ಕಗ್ಗಂಟಾಗಿರುವುದು ಮುಖ್ಯವಾಗಿ ಕಾಲ. ಗೋರಿಗಳು ತೆರೆದದ್ದು ಶುಕ್ರವಾರದ ಮಧ್ಯಾಹ್ನ ಮೂರು ಗಂಟೆಗೆ. ಭಕ್ತರು ಊರೊಳಗೆ ಬಂದದ್ದು ಭಾನುವಾರದ ಪುನರುತ್ಥಾನದ ಮೇಲೆ. ಹಾಗಾದರೆ ನಡುವೆ ಅವರು ತೆರೆದ ಗೋರಿಗಳಲ್ಲಿ ಕಾಯುತ್ತಿದ್ದರೇ? ಶುಕ್ರವಾರವೇ ಎದ್ದರೆಂದರೆ, ಸತ್ತವರೊಳಗಿಂದ ಎದ್ದವರಲ್ಲಿ ಕ್ರಿಸ್ತರೇ ಪ್ರಥಮಫಲ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಹೇಳುವುದು ಹೇಗೆ ನಿಲ್ಲುತ್ತದೆ? ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನಂತೆ ಅಲ್ಪವಿರಾಮ ಪೂರ್ಣವಿರಾಮಗಳು ಇರಲಿಲ್ಲ. ಆದುದರಿಂದ ಗೋರಿಗಳು ಶುಕ್ರವಾರ ತೆರೆದವು, ಏಳುವುದೂ ಹೊರಬರುವುದೂ ಭಾನುವಾರದ ಬಳಿಕ ಎಂದು ವಾಕ್ಯವನ್ನು ಬೇರೆ ರೀತಿ ವಿಂಗಡಿಸಿ ಓದುವವರೂ ಇದ್ದಾರೆ. ಇಲ್ಲಿ 'ಪುನರುತ್ಥಾನ'ಕ್ಕೆ ಬಳಸಿರುವ 'ಎಗೆರ್ಸಿಸ್' ಎಂಬ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲಿಯೂ ಬರುವುದಿಲ್ಲ. ಪೌಲರ ಮಾತಿಗೆ ಧಕ್ಕೆ ಬರಬಾರದೆಂದೇ ಆ ಪದಗುಚ್ಛವನ್ನು ಅಲ್ಲಿ ಇಡಲಾಗಿದೆ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ನಮಗೂ ಹಾಗೆಯೇ ತೋರುತ್ತದೆ: ಕ್ರಿಸ್ತರು ಮೊದಲು, ಅವರ ಹಿಂದೆ ಉಳಿದವರು.

ಇನ್ನು ಆ ತಾಯಿಯ ಪ್ರಶ್ನೆ. ಇದು ದಾಸರಹಳ್ಳಿಯಲ್ಲಿ ಮೊದಲ ಬಾರಿ ಹುಟ್ಟಿದ ಪ್ರಶ್ನೆಯೇನಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ರೋಮಿಗೆ ಸೆರೆಯಾಳಾಗಿ ಸಾಗುತ್ತಿದ್ದ ಅಂತಿಯೋಕ್ಯದ ಸಂತ ಇಗ್ನಾಸಿಯವರು ಮಗ್ನೇಸಿಯದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ಪ್ರವಾದಿಗಳು ಯಾರಿಗಾಗಿ ಕಾದಿದ್ದರೋ ಅವರೇ ಬಂದು ಆ ಪ್ರವಾದಿಗಳನ್ನು ಎಬ್ಬಿಸಿದರೆಂದು ಹೇಳಿದ್ದಾರೆ. ಇಗ್ನಾಸಿಯವರು ಈ ವಾಕ್ಯಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಖಚಿತವಾಗಿ ಹೇಳಲಾಗದಿದ್ದರೂ, ಇಂಥ ನಂಬಿಕೆ ಬಹಳ ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಐದನೆಯ ಶತಮಾನದಲ್ಲಿ ಇವೋದಿಯುಸ್ ಎಂಬ ಧರ್ಮಾಧ್ಯಕ್ಷರು ಸಂತ ಅಗಸ್ಟೀನರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಅಗಸ್ಟೀನರು ಅವರಿಗೆ ಬರೆದ ಉತ್ತರ ಪತ್ರಸಂಗ್ರಹದಲ್ಲಿ 164ನೆಯದು. ಆ ಭಕ್ತರು ಮತ್ತೆಂದೂ ಸಾಯದಂತೆ ಎದ್ದರೆಂದು ಒಪ್ಪಲು ಅವರು ಹಿಂಜರಿಯುತ್ತಾರೆ. ಅದಕ್ಕೆ ಅವರು ಕೊಡುವ ಕಾರಣ ಬಹು ಸ್ವಾರಸ್ಯವಾದುದು. ಪೆಂತಕೋಸ್ತ್ ಹಬ್ಬದ ದಿನ ಸಂತ ಪೇತ್ರರು ಜನರ ಮುಂದೆ ನಿಂತು, ದಾವೀದರಸನು ಸತ್ತು ಹೂಳಲ್ಪಟ್ಟನು, ಅವನ ಸಮಾಧಿ ಇಂದಿಗೂ ನಮ್ಮಲ್ಲಿದೆ ಎಂಬರ್ಥದಲ್ಲಿ ವಾದಿಸುತ್ತಾರೆ. ಅಂದಿಗೆ ಐವತ್ತು ದಿನಗಳ ಹಿಂದೆ ಭಕ್ತರೆಲ್ಲ ಎದ್ದಿದ್ದರೆ ದಾವೀದನು ಆ ಗುಂಪಿನಲ್ಲಿ ಇಲ್ಲದೆ ಹೋಗುವುದುಂಟೆ? ಅವನೂ ಎದ್ದಿದ್ದರೆ ಪೇತ್ರರ ವಾದಕ್ಕೆ ಬಲವೆಲ್ಲಿ? ಜೊತೆಗೆ, ಹಿಂದಿನವರು ನಮ್ಮನ್ನು ಬಿಟ್ಟು ಪರಿಪೂರ್ಣತೆಗೆ ಬರಬಾರದೆಂಬುದು ದೇವರ ಯೋಜನೆ ಎಂದು ಹಿಬ್ರಿಯರಿಗೆ ಬರೆದ ಪತ್ರ ಹೇಳುವುದನ್ನೂ ಅವರು ನೆನಪಿಸುತ್ತಾರೆ. ಹಾಗಾದರೆ ಲಾಸರನಂತೆ ಈ ಭಕ್ತರೂ ಎದ್ದು, ಕಾಲ ಬಂದಾಗ ಮತ್ತೆ ಮಡಿದಿರಬೇಕು.

ಒಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಒಸೇರ್ ಎಂಬಲ್ಲಿ ರೆಮಿಜಿಯುಸ್ ಎಂಬ ಸನ್ಯಾಸಿ ಇದ್ದರು. ಅವರ ವ್ಯಾಖ್ಯಾನದ ಒಂದು ತುಣುಕನ್ನು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ನಾಲ್ಕು ಶುಭಸಂದೇಶಗಳ ಕುರಿತ ತಮ್ಮ ಸಂಕಲನ 'ಕತೇನಾ ಔರೆಯಾ'ದಲ್ಲಿ ಉಳಿಸಿದ್ದಾರೆ. ಅದನ್ನು ಓದಿದಾಗ ನಾವು ಬೆರಗಾದೆವು. ರೆಮಿಜಿಯುಸರು ಹೇಳುವುದೇನು? ಎದ್ದವರು ಮತ್ತೆ ಸತ್ತರೆಂದು ಕೆಲವರು ಹೇಳುತ್ತಾರೆ, ಅವರನ್ನು ನಂಬಬಾರದು. ಎದ್ದವರು ಮತ್ತೆ ಸಾಯಬೇಕಾಗಿದ್ದರೆ, ಏಳದೇ ಇರುವುದಕ್ಕಿಂತ ಅದು ಅವರಿಗೆ ಹೆಚ್ಚಿನ ಸಂಕಟವಾಗುತ್ತಿತ್ತು. ಆದುದರಿಂದ ಅವರು ಪ್ರಭುವಿನೊಂದಿಗೆ ಸ್ವರ್ಗಕ್ಕೆ ಏರಿದರೆಂದೇ ನಂಬಬೇಕು. ಬಾಡಿಗೆ ಮನೆಯ ಚಾಪೆಯ ಮೇಲೆ ಕುಳಿತು ಆ ತಾಯಿ ಆಡಿದ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಬಹಳವಿಲ್ಲ. ಸನ್ಯಾಸಿ ಎದ್ದವರ ಸಂಕಟವನ್ನು ನೆನೆದರು, ವಿಧವೆ ಅವರ ಮನೆಯವರ ಸಂಕಟವನ್ನು ನೆನೆದರು.

ಆದರೆ ಅಕ್ವಿನಾಸರು ತಮ್ಮ ಮಹಾಗ್ರಂಥವಾದ 'ಸುಮ್ಮಾ ಥಿಯೊಲೊಜಿಯಾ'ದ ಮೂರನೆಯ ಭಾಗದಲ್ಲಿ ಎರಡೂ ಅಭಿಪ್ರಾಯಗಳನ್ನು ತೂಗಿ ನೋಡಿ, ಅಗಸ್ಟೀನರ ಕಾರಣಗಳೇ ಹೆಚ್ಚು ಬಲವುಳ್ಳವು ಎಂದು ತೀರ್ಪು ಕೊಡುತ್ತಾರೆ. ಧರ್ಮಸಭೆಯು ಈ ಎರಡರಲ್ಲಿ ಒಂದನ್ನು ವಿಶ್ವಾಸಸತ್ಯವೆಂದು ಘೋಷಿಸಿ ಇನ್ನೊಂದನ್ನು ತಳ್ಳಿಹಾಕಿಲ್ಲ. ಸಂತರೇ ಒಬ್ಬರನ್ನೊಬ್ಬರು ಒಪ್ಪದಿರುವ ಕಡೆ ನಮ್ಮ ಕೂಟದ ತರುಣನೂ ಹಿರಿಯರೂ ಒಪ್ಪದಿದ್ದರೆ ಅಂಥ ಆತಂಕಕ್ಕೆ ಕಾರಣವಿಲ್ಲ.

ತರುಣನ 'ಕಾವ್ಯ'ದ ಮಾತನ್ನೂ ಹಗುರವಾಗಿ ಕಾಣುವಂತಿಲ್ಲ. ಬೈಬಲಿನ ಲೇಖಕನು ಯಾವ ಸಾಹಿತ್ಯಪ್ರಕಾರದಲ್ಲಿ ಬರೆದನೆಂಬುದನ್ನು ಗಮನಿಸಿಯೇ ಅವನ ಆಶಯವನ್ನು ತಿಳಿಯಬೇಕೆಂದು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1943ರ ವಿಶ್ವಪತ್ರದಲ್ಲಿ ಹೇಳಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವಪ್ರಕಟಣೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಅದನ್ನೇ ದೃಢಪಡಿಸಿತು. ಅಮೆರಿಕದ ಕಥೋಲಿಕ ಗುರು ರೇಮಂಡ್ ಬ್ರೌನ್ ಅವರು 1994ರಲ್ಲಿ ಪ್ರಕಟಿಸಿದ, ಪ್ರಭುವಿನ ಮರಣವೃತ್ತಾಂತಗಳನ್ನು ಕುರಿತ ಎರಡು ಸಂಪುಟಗಳ ಗ್ರಂಥದಲ್ಲಿ, ಈ ವಾಕ್ಯಗಳು ಜನರ ನಡುವೆ ಹುಟ್ಟಿದ ಕಾವ್ಯಾತ್ಮಕ ಸಂಕೇತಭಾಷೆಯೆಂದು ವಿವರಿಸಿದ್ದಾರೆ. ಪ್ರೊಟೆಸ್ಟೆಂಟರಲ್ಲಿ ಇದೇ ವಿಷಯ ಜಗಳಕ್ಕೇ ಎಡೆಮಾಡಿತು. 2010ರಲ್ಲಿ ಮೈಕೆಲ್ ಲಿಕೋನ ಎಂಬ ವಿದ್ವಾಂಸರು ಯೇಸುವಿನ ಪುನರುತ್ಥಾನ ಐತಿಹಾಸಿಕವೆಂದು ಸಮರ್ಥಿಸುವ ಗ್ರಂಥದಲ್ಲೇ ಈ ಮೂರು ವಾಕ್ಯಗಳನ್ನು ಕಾವ್ಯದಂತೆ ಓದಬಹುದೆಂದು ಸೂಚಿಸಿದಾಗ, ಅವರದೇ ಬಳಗದವರು ತೀವ್ರವಾಗಿ ಪ್ರತಿಭಟಿಸಿದರು. ಪ್ರಭುವಿನ ಪುನರುತ್ಥಾನವನ್ನು ಒಪ್ಪಿ ಇದನ್ನು ಸಂಕೇತವೆನ್ನುವವನು ವಿಶ್ವಾಸದ್ರೋಹಿಯಲ್ಲ. ಆದರೆ 'ಕಾವ್ಯ' ಎಂದು ಹೇಳಿ ಪುಟ ತಿರುವುವುದು ಸೋಮಾರಿತನವೆಂಬುದು ನಮ್ಮ ಅಭಿಪ್ರಾಯ. ಕಾವ್ಯವಾದರೆ ಅದರ ಅರ್ಥವೇನು?

ಈ ಅರ್ಥಕ್ಕೆ ಕೀಲಿಕೈ ಧರ್ಮಸಭೆಯ ಪೂಜಾವಿಧಿಯಲ್ಲೇ ಇದೆ. 'ಎ' ವರ್ಷದಲ್ಲಿ ಗರಿಗಳ ಭಾನುವಾರಕ್ಕೆ ಒಂದು ವಾರ ಮೊದಲು, ತಪಸ್ಸುಕಾಲದ ಐದನೆಯ ಭಾನುವಾರ, ನಾವು ಕೇಳುವ ಮೊದಲ ವಾಚನ ಯೆಜೆಕಿಯೇಲ ಪ್ರವಾದಿಯ ಮೂವತ್ತೇಳನೆಯ ಅಧ್ಯಾಯದಿಂದ ಬಂದದ್ದು. ಒಣಗಿದ ಎಲುಬುಗಳ ಕಣಿವೆಯ ಆ ಪ್ರಸಿದ್ಧ ದರ್ಶನದ ಕೊನೆಯಲ್ಲಿ, ತನ್ನ ಜನರ ಗೋರಿಗಳನ್ನು ತೆರೆದು ಅವರನ್ನು ಮೇಲಕ್ಕೆತ್ತಿ ಸ್ವದೇಶಕ್ಕೆ ಕರೆತರುವೆನೆಂದು ದೇವರು ವಾಗ್ದಾನ ಮಾಡುತ್ತಾರೆ. ಬಾಬಿಲೋನಿನಲ್ಲಿ ಸೆರೆಯಾಗಿ, ನಮ್ಮ ಕಥೆ ಮುಗಿಯಿತು ಎಂದು ಕೈಚೆಲ್ಲಿ ಕುಳಿತಿದ್ದ ಜನರಿಗೆ ಹೇಳಿದ ಮಾತದು. ಅದರ ಮೊದಲ ಅರ್ಥ ಊರಿಗೆ ಮರಳುವುದು. ಊರು ಬಿಟ್ಟು ಪೀಣ್ಯಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲ ಸರಿದಂತೆ ಅದರಲ್ಲಿ ಸತ್ತವರ ಪುನರುತ್ಥಾನದ ಅರ್ಥ ತುಂಬಿಕೊಂಡಿತು. ಯೆಹೂದ್ಯರು ಪಾಸ್ಖ ಹಬ್ಬದ ವಾರದ ಸಬ್ಬತ್ ದಿನ ಇಂದಿಗೂ ಇದನ್ನು ಓದುತ್ತಾರೆ.

ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯಲ್ಲಿ ದೂರಾ ಯೂರೋಪೊಸ್ ಎಂಬ ಹಾಳೂರು ಇದೆ. ಅಲ್ಲಿ 1932ರಲ್ಲಿ ಮೂರನೆಯ ಶತಮಾನದ ಯೆಹೂದ್ಯ ಪ್ರಾರ್ಥನಾಮಂದಿರವೊಂದು ಉತ್ಖನನದಲ್ಲಿ ಸಿಕ್ಕಿತು. ಅದರ ಗೋಡೆಯ ಮೇಲೆ ಯೆಜೆಕಿಯೇಲನ ದರ್ಶನವನ್ನು ಬಣ್ಣದಲ್ಲಿ ಬರೆದಿದ್ದಾರೆ. ಬೆಟ್ಟ ಇಬ್ಭಾಗವಾಗಿ ಸೀಳಿದೆ, ಮನೆಯೊಂದು ಉರುಳಿದೆ, ಸೀಳಿನ ನಡುವೆ ಮನುಷ್ಯರ ಅಂಗಾಂಗಗಳು ಚದುರಿವೆ, ಮುಂದೆ ದೇಹಗಳು ಜೀವ ತಳೆಯುತ್ತಿವೆ. ಭೂಕಂಪ, ಸೀಳಿದ ಬಂಡೆ, ಏಳುವ ಸತ್ತವರು: ಮತ್ತಾಯರ ಮೂರು ವಾಕ್ಯಗಳಲ್ಲಿರುವುದೂ ಇವೇ. ತಮ್ಮ ಶುಭಸಂದೇಶವನ್ನು ಕೇಳುತ್ತಿದ್ದ ಯೆಹೂದ್ಯ ಮೂಲದ ಕ್ರೈಸ್ತರಿಗೆ ಅವರು ಅರ್ಥ ವಿವರಿಸಬೇಕಾಗಿರಲಿಲ್ಲ. ಗೋರಿ ತೆರೆಯಿತೆಂದ ಕೂಡಲೇ, ಪ್ರವಾದಿ ಹೇಳಿದ ಆ ದಿನ ಬಂದಿದೆ ಎಂದು ಅವರಿಗೆ ತಿಳಿಯುತ್ತಿತ್ತು.

ಆದರೆ ಬಂದದ್ದು ಯಾವಾಗ? ನಮ್ಮ ಮಟ್ಟಿಗೆ ಈ ಭಾಗದ ತಿರುಳು ಇಲ್ಲಿದೆ. ಭಾನುವಾರದ ಮುಂಜಾವಿನಲ್ಲಲ್ಲ, ಶುಕ್ರವಾರದ ಮೂರು ಗಂಟೆಗೆ. ಪ್ರಭು ಸೋತುಹೋದರೆಂದು ಎಲ್ಲರೂ ಎಣಿಸಿದ ಆ ಗಳಿಗೆಯಲ್ಲೇ ಗೋರಿಗಳು ತೆರೆಯುತ್ತವೆ. ಗ್ರೀಕ್ ಮೂಲದಲ್ಲಿ ತೆರೆ ಹರಿದುದಕ್ಕೂ ಬಂಡೆ ಸೀಳಿದುದಕ್ಕೂ ಒಂದೇ ಕ್ರಿಯಾಪದವಿದೆ. ಎಲ್ಲ ಕ್ರಿಯಾಪದಗಳೂ ಕರ್ಮಣಿಯಲ್ಲಿವೆ: ಸೀಳಿದವರು ಯಾರು, ತೆರೆದವರು ಯಾರು, ಎಬ್ಬಿಸಿದವರು ಯಾರು ಎಂದು ಹೇಳಿಲ್ಲ. ದೇವರ ಹೆಸರನ್ನು ಎತ್ತದೆಯೇ ದೇವರ ಕೃತ್ಯವನ್ನು ಹೇಳುವ ಪದ್ಧತಿಯಿದು. ಇನ್ನೊಂದು ಸಂಗತಿ. ಇದೇ ಶುಭಸಂದೇಶದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಪ್ರಭು ಧರ್ಮಶಾಸ್ತ್ರಿಗಳನ್ನು ಗದರಿಸುತ್ತಾ, ನೀವು ಪ್ರವಾದಿಗಳಿಗೆ ಗೋರಿ ಕಟ್ಟುತ್ತೀರಿ, ಸತ್ಪುರುಷರ ಸಮಾಧಿಗಳನ್ನು ಸಿಂಗರಿಸುತ್ತೀರಿ ಎಂಬರ್ಥದ ಮಾತನ್ನಾಡುತ್ತಾರೆ. ಸತ್ಪುರುಷರನ್ನು ಕೊಂದು, ಅವರ ಮೇಲೆ ಕಲ್ಲು ಮುಚ್ಚಿ, ಸುಣ್ಣ ಬಳಿದು ಮರೆತ ಊರಿಗೆ ಅವರೇ ನಡೆದು ಬಂದರೆ! ನಾಲ್ಕು ಅಧ್ಯಾಯಗಳ ಹಿಂದೆ ಸಿಂಗರಿಸಿಕೊಂಡಿದ್ದ ಗೋರಿಗಳೇ ಈಗ ತೆರೆಯುತ್ತಿವೆ ಎಂದು ನಾವು ಓದುತ್ತೇವೆ. ಇದು ನಮ್ಮ ಊಹೆ, ಒಪ್ಪದವರು ಬಿಡಬಹುದು.

ಪ್ರಭು ಪಾತಾಳಕ್ಕಿಳಿದರೆಂದು ವಿಶ್ವಾಸಪ್ರಮಾಣದಲ್ಲಿ ನಾವು ಹೇಳುವುದೂ ಇದಕ್ಕೆ ಸಂಬಂಧಿಸಿದ್ದೇ. ತಮಗಿಂತ ಮೊದಲು ಮಡಿದ ನೀತಿವಂತರನ್ನು ಬಿಡಿಸಲು ಅವರು ಅಲ್ಲಿಗೆ ಹೋದರೆಂದು 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಪೂರ್ವ ಧರ್ಮಸಭೆಗಳ ಪುನರುತ್ಥಾನದ ಚಿತ್ರಪಟಗಳಲ್ಲಿ ಕ್ರಿಸ್ತರು ಮುರಿದ ಬಾಗಿಲುಗಳ ಮೇಲೆ ನಿಂತು, ಆದಾಮ ಏವಾರನ್ನು ಗೋರಿಗಳಿಂದ ಎಳೆದೆತ್ತುತ್ತಾರೆ. ನೋಡಿದವರು ಗಮನಿಸಿರಬಹುದು: ಅನೇಕ ಪಟಗಳಲ್ಲಿ ಅವರು ಹಿಡಿದಿರುವುದು ಹಸ್ತವನ್ನಲ್ಲ, ಮಣಿಕಟ್ಟನ್ನು. ಮುಳುಗುವವನನ್ನು ಹಿಡಿದೆತ್ತುವ ಹಾಗೆ.

ಪಾಸ್ಖ ಹಬ್ಬ ಕಳೆದ ಬಳಿಕ ನಾವು ಮತ್ತೆ ದಾಸರಹಳ್ಳಿಗೆ ಹೋದೆವು. ಅಗಸ್ಟೀನರು, ರೆಮಿಜಿಯುಸರು, ಯೆಜೆಕಿಯೇಲ ಎಲ್ಲರನ್ನೂ ಸಾಧ್ಯವಾದಷ್ಟು ಸರಳವಾಗಿ ಆ ತಾಯಿಗೆ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, "ಮತ್ತೆ ನಮ್ಮ ಗೋರಿ ವಿಷಯ?" ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿತ್ತು. ಪ್ರಭುವಿನ ಕಾಲದ ಜೆರುಸಲೇಮಿನಲ್ಲೂ ಗೋರಿಗಳನ್ನು ಮತ್ತೆ ತೆರೆಯುತ್ತಿದ್ದರು. ಬಂಡೆಯಲ್ಲಿ ಕೊರೆದ ಕುಟುಂಬದ ಗುಹೆಯಲ್ಲಿ ಶವವನ್ನಿಟ್ಟು, ಸುಮಾರು ಒಂದು ವರ್ಷದ ಬಳಿಕ ಎಲುಬುಗಳನ್ನು ಆರಿಸಿ ಕಲ್ಲಿನ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದರು. ಗುಹೆಯ ಆ ಜಾಗ ಮನೆಯ ಇನ್ನೊಬ್ಬರಿಗೆ ಆಗುತ್ತಿತ್ತು. 1990ರಲ್ಲಿ ಜೆರುಸಲೇಮಿನ ದಕ್ಷಿಣಕ್ಕೆ ಇಂಥ ಪೆಟ್ಟಿಗೆಗಳು ದೊರೆತವು. ಅವುಗಳಲ್ಲೊಂದರ ಮೇಲೆ ಕಾಯಫನ ಹೆಸರಿತ್ತು. ಮತ್ತಾಯರು ಹೇಳುವ ಭಕ್ತರೂ ಬಹುಪಾಲು ಹೀಗೆಯೇ ಎಲುಬಾಗಿ ಉಳಿದಿದ್ದವರು. ಗೋರಿ ಯಾರದ್ದೆಂಬ ಲೆಕ್ಕ ಅಲ್ಲಿ ಅಡ್ಡಿಯಾಗಲಿಲ್ಲ. ನೋಲಾದ ಧರ್ಮಾಧ್ಯಕ್ಷ ಪೌಲಿನುಸರು ಕೇಳಿದ್ದಕ್ಕೆ ಉತ್ತರವಾಗಿ ಸಂತ ಅಗಸ್ಟೀನರು ಮೃತರ ಆರೈಕೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೂಳುವುದು ಉಳಿದವರು ತೋರುವ ಪ್ರೀತಿ, ಅದನ್ನು ಬಿಡಬಾರದು; ಆದರೆ ಹೂಳಲು ನೆಲವೇ ಸಿಗದವರಿಗೂ ಪುನರುತ್ಥಾನಕ್ಕೆ ಕೊರತೆಯಿಲ್ಲ ಎಂಬುದು ಅದರ ಸಾರ. ಧರ್ಮಸಭೆ 1963ರಿಂದ ದಹನಕ್ಕೂ ಅನುಮತಿ ಕೊಟ್ಟಿದೆ. 2016ರ ಸೂಚನಾಪತ್ರದಲ್ಲಿ ಹೂಳುವುದೇ ಲೇಸೆಂದು ಹೇಳಿ, ಚಿತಾಭಸ್ಮವನ್ನಾದರೂ ಮನೆಯಲ್ಲಿಡದೆ, ಚೆಲ್ಲದೆ, ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು ವಿಧಿಸಿದೆ. ಗೋರಿ ತೆರೆಯುವ ದಿನ ಬಂದರೆ ಎಲುಬುಗಳನ್ನು ಗೌರವದಿಂದ ಅಲ್ಲಿಯೇ ಆಳಕ್ಕಿಡುವಂತೆ ಗುರುಗಳನ್ನು ಕೇಳಿಕೊಳ್ಳಿ, ಆ ದಿನ ಪ್ರಾರ್ಥನೆಗೆ ನಾವೂ ಬರುತ್ತೇವೆ ಎಂದೆವು.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚಹಾ ತಂದರು. ಲೋಟ ಕೈಗೆ ಕೊಡುತ್ತಾ, "ಆದರೂ ಸಾರ್, ಆ ಸನ್ಯಾಸಿ ಹೇಳಿದ್ದೇ ಸರಿ. ಬಂದವರು ಮತ್ತೆ ಸತ್ತಿಲ್ಲ" ಎಂದರು.

ಸಂತ ಥಾಮಸ್ ಅಕ್ವಿನಾಸರ ತೀರ್ಪನ್ನು ಅವರ ಮುಂದೆ ಮತ್ತೆ ಎತ್ತಲು ನಮಗೆ ಧೈರ್ಯವಾಗಲಿಲ್ಲ. ಎರಡನೆಯ ಪಾಳಿಗೆ ಹೊರಟಿದ್ದ ಅವರ ಮಗ ಬಾಗಿಲಲ್ಲಿ ನಿಂತು ಊಟದ ಡಬ್ಬಿಗಾಗಿ ಕೂಗುತ್ತಿದ್ದನು. ಚಹಾ ಕುಡಿದು ಅವನ ಜೊತೆಯಲ್ಲೇ ತುಮಕೂರು ರಸ್ತೆಯವರೆಗೆ ನಡೆದು ಬಂದೆವು.